ಷೇರು ಕೊಳ್ಳುವ ಮುನ್ನ ಕೃಷಿಕನು ನೋಡಬೇಕಾದುದೇನು?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ತೋಟದ ಖರ್ಚು ಕಳೆದು ಕೃಷಿಕನ ಕೈಯಲ್ಲಿ ನಾಲ್ಕು ಕಾಸು ಉಳಿಯುವುದುಂಟು. ಹಿಂದಿನವರ ಕಾಲದಲ್ಲಿ ಈ ಹಣ ಚಿನ್ನವಾಗುತ್ತಿತ್ತು. ಇಲ್ಲವೆ ಪಕ್ಕದ ಗದ್ದೆಯಾಗುತ್ತಿತ್ತು. ಅದೂ ಅಲ್ಲವಾದರೆ ಊರಿನ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಠೇವಣಿಯಾಗುತ್ತಿತ್ತು. ಈಗ ಕಂಪೆನಿಗಳ ಷೇರು ಎಂಬ ಮತ್ತೊಂದು ದಾರಿ ನಮ್ಮ ಮನೆಗಳ ಜಗಲಿಯವರೆಗೂ ಬಂದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಯಲ್ಲಿ ಬಂದಾಗ ತಂದೆಯ ಮೊಬೈಲಿನಲ್ಲಿ ಖಾತೆ ತೆರೆದುಕೊಡುತ್ತಾನೆ. ಮುಖ ಕಾಣದ ಯಾರೋ ಒಬ್ಬರು ವಾಟ್ಸ್ಯಾಪಿನಲ್ಲಿ 'ಇದನ್ನು ಕೊಳ್ಳಿ, ಮೂರು ತಿಂಗಳಲ್ಲಿ ಇಮ್ಮಡಿ' ಎಂದು ಬರೆಯುತ್ತಾರೆ. ಹೀಗೆ ಕೊಂಡು ಲಾಭ ಕಂಡವರಿದ್ದಾರೆ; ಒಂದು ವರ್ಷದ ಅಡಿಕೆಯ ಹಣವನ್ನೆಲ್ಲ ಕಳಕೊಂಡವರೂ ಇದ್ದಾರೆ.

ಯಾವ ಕಂಪೆನಿಯ ಷೇರು ಕೊಳ್ಳಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೊಳ್ಳುವ ಮೊದಲು ಏನೇನು ನೋಡಬೇಕೆಂಬುದಷ್ಟೆ ಇಲ್ಲಿಯ ವಿಷಯ. ತೋಟವೊಂದನ್ನು ಕ್ರಯಕ್ಕೆ ಪಡೆಯುವಾಗ ನಾವು ಏನು ಮಾಡುತ್ತೇವೆ? ಮೇ ತಿಂಗಳಿನಲ್ಲಿ ಸುರಂಗದ ನೀರು ಎಷ್ಟಿರುತ್ತದೆ, ಕಳೆದ ಐದಾರು ವರ್ಷಗಳಲ್ಲಿ ಫಸಲೆಷ್ಟು ಬಂತು, ಮರಗಳ ಪ್ರಾಯವೇನು, ಆಸ್ತಿಯ ಮೇಲೆ ಸಾಲವಿದೆಯೆ, ಮಾರುವವನು ಎಂಥವನು ಎಂದು ವಿಚಾರಿಸುತ್ತೇವೆ. ಇಷ್ಟಾದ ಮೇಲೆಯೇ ಕ್ರಯದ ಮಾತು. ಷೇರಿನ ವಿಷಯದಲ್ಲಿ ಮಾತ್ರ ಅನೇಕರು ಕ್ರಯದಿಂದಲೇ ಪ್ರಾರಂಭಿಸಿ ಕ್ರಯದಲ್ಲೇ ಮುಗಿಸಿಬಿಡುತ್ತಾರೆ. ನಷ್ಟದ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ಸೊಸೈಟಿಯ ಪಾಲು, ಕಂಪೆನಿಯ ಪಾಲು

'ಪಾಲು' ಎಂಬ ಶಬ್ದ ನಮಗೆ ಹೊಸತಲ್ಲ. ಊರಿನ ಸಹಕಾರಿ ಸೊಸೈಟಿಯಲ್ಲಿ ಪಾಲು ಇಲ್ಲದ ಕೃಷಿಕನ ಮನೆ ಅಪರೂಪ. 1973ರಲ್ಲಿ ಸ್ಥಾಪನೆಯಾಗಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸದಸ್ಯರನ್ನಾಗಿ ಪಡೆದ ಕ್ಯಾಂಪ್ಕೊ ಸಂಸ್ಥೆಯ ಪಾಲುದಾರರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಸಹಕಾರಿ ಪಾಲಿಗೂ ಕಂಪೆನಿಯ ಪಾಲಿಗೂ ಭೇದವಿದೆ. ಅದನ್ನು ಮೊದಲು ತಿಳಿಯಬೇಕು.

ಸಹಕಾರಿ ಸಂಘದಲ್ಲಿ ಪಾಲು ಎಷ್ಟೇ ಇದ್ದರೂ ಒಬ್ಬನಿಗೆ ಒಂದೇ ಮತ. ಪಾಲಿನ ಬೆಲೆ ಪೇಟೆಯಲ್ಲಿ ಏರಿಳಿಯುವುದಿಲ್ಲ. ಸದಸ್ಯತ್ವ ಬಿಡುವಾಗ ಸಾಮಾನ್ಯವಾಗಿ ಮುಖಬೆಲೆಯ ಹಣವೇ ಹಿಂದಕ್ಕೆ ಬರುತ್ತದೆ. ಸಂಘದಿಂದ ನಮಗಾಗುವ ಮುಖ್ಯ ಪ್ರಯೋಜನ ಪಾಲಿನ ಬೆಲೆಯಿಂದಲ್ಲ, ಅದು ಕೊಡುವ ಸಾಲ, ಗೊಬ್ಬರ, ಮಾರಾಟದ ಅನುಕೂಲಗಳಿಂದ. ಕಂಪೆನಿಯಲ್ಲಾದರೋ ಪಾಲಿದ್ದಷ್ಟು ಮತ. ಪಾಲು ದಿನವೂ ಮುಂಬಯಿಯ ಷೇರು ವಿನಿಮಯ ಕೇಂದ್ರಗಳಲ್ಲಿ ಮಾರಾಟವಾಗುತ್ತದೆ; ಅದರ ಬೆಲೆ ಗಳಿಗೆಗೊಮ್ಮೆ ಬದಲಾಗುತ್ತದೆ. 10 ರೂಪಾಯಿ ಮುಖಬೆಲೆಯ ಷೇರು 5 ರೂಪಾಯಿಗೂ ಇಳಿಯಬಹುದು, 5,000 ರೂಪಾಯಿಗೂ ಏರಬಹುದು. ಕಂಪೆನಿ ದಿವಾಳಿಯಾದರೆ ಮೊದಲು ಸಾಲಗಾರರಿಗೆ ಕೊಟ್ಟು ಮಿಕ್ಕಿದ್ದರೆ ಮಾತ್ರ ಪಾಲುದಾರನಿಗೆ. ಮಿಕ್ಕುವುದು ಅಪರೂಪ. ಬ್ಯಾಂಕಿನ ಠೇವಣಿಗೆ ಒಬ್ಬನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ಭದ್ರತೆ ಇದೆ. ಷೇರಿನ ನಷ್ಟಕ್ಕೆ ಯಾವ ವಿಮೆಯೂ ಇಲ್ಲ.

ಆದುದರಿಂದ ಯಾವ ಹಣವನ್ನು ಷೇರಿಗೆ ಹಾಕಬಹುದು ಎಂಬುದನ್ನು ಪ್ರಾರಂಭದಲ್ಲೇ ನಿಶ್ಚಯಿಸಿಕೊಳ್ಳಬೇಕು. ಮಹಾಳಿಗೆ ಔಷಧಿ ಬಿಡಲು, ಕೂಲಿ ಕೊಡಲು, ಮಕ್ಕಳ ಫೀಸು ಕಟ್ಟಲು ಬೇಕಾದ ಹಣ ಇದಕ್ಕೆ ಸಲ್ಲದು. ಕಡಿಮೆ ಬಡ್ಡಿಗೆ ಸಿಗುತ್ತದೆಂದು ಬೆಳೆಸಾಲ ತೆಗೆದು, ಇಲ್ಲವೆ ಚಿನ್ನ ಅಡವಿಟ್ಟು ಷೇರು ಕೊಳ್ಳುವುದಂತೂ ಕೂಡದು. ಸಾಲದ ಗಡುವು ತಪ್ಪದೆ ಬರುತ್ತದೆ. ಷೇರಿನ ಬೆಲೆ ಆ ದಿನಕ್ಕೆ ಸರಿಯಾಗಿ ಏರಿರಬೇಕೆಂಬ ನಿಯಮವಿಲ್ಲ. ಐದಾರು ವರ್ಷ ಮುಟ್ಟದೆ ಬಿಡಬಹುದಾದ ಹಣವಿದ್ದವನಿಗೆ ಮಾತ್ರ ಮುಂದಿನ ವಿಚಾರ.

ವರದಿಯನ್ನು ಓದುವುದು ಕಷ್ಟವಲ್ಲ

ಸೊಸೈಟಿಯ ಮಹಾಸಭೆಗೆ ಮೊದಲು ನಮಗೆ ವಾರ್ಷಿಕ ವರದಿ ಬರುತ್ತದೆ. ಅದರಲ್ಲಿ ಲಾಭ-ನಷ್ಟದ ತಖ್ತೆ ಇರುತ್ತದೆ, ಆಸ್ತಿ-ಜವಾಬ್ದಾರಿ ತಖ್ತೆ ಇರುತ್ತದೆ, ಲೆಕ್ಕಪರಿಶೋಧಕರ ಮಾತು ಇರುತ್ತದೆ. ಷೇರುಪೇಟೆಯಲ್ಲಿ ನೋಂದಣಿಯಾದ ಪ್ರತಿಯೊಂದು ಕಂಪೆನಿಯೂ ಇಂಥದೇ ವರದಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ಮೂರು ತಿಂಗಳಿಗೊಮ್ಮೆ ಲಾಭ-ನಷ್ಟದ ಲೆಕ್ಕವನ್ನೂ ಕೊಡಬೇಕು. ಇವು ಕಂಪೆನಿಯ ಮತ್ತು ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಯಾರಿಗೂ ಪುಕ್ಕಟೆಯಾಗಿ ಸಿಗುತ್ತವೆ. ಸೊಸೈಟಿಯ ವರದಿಯನ್ನು ಓದಿ ಮಹಾಸಭೆಯಲ್ಲಿ ಪ್ರಶ್ನೆ ಕೇಳಬಲ್ಲವನು ಕಂಪೆನಿಯ ವರದಿಯನ್ನೂ ಓದಬಲ್ಲನು.

ಒಂದು ತೊಡಕೆಂದರೆ ಈ ವರದಿಗಳು ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮವರು ಇದಕ್ಕೆ ಹಿಂಜರಿಯಬೇಕಾಗಿಲ್ಲ. ಇನ್ನೂರು ಪುಟಗಳ ವರದಿಯಲ್ಲಿ ನಮಗೆ ಬೇಕಾದವು ಹತ್ತು-ಹನ್ನೆರಡು ಅಂಕಿಗಳು ಮಾತ್ರ. 'ರೆವೆನ್ಯೂ' ಎಂದರೆ ಮಾರಾಟದ ಹುಟ್ಟುವಳಿ. 'ಪ್ರಾಫಿಟ್ ಆಫ್ಟರ್ ಟ್ಯಾಕ್ಸ್' ಎಂದರೆ ತೆರಿಗೆ ಕಳೆದ ಲಾಭ. 'ಬಾರೋಯಿಂಗ್ಸ್' ಎಂದರೆ ಸಾಲ. 'ಈಕ್ವಿಟಿ' ಎಂದರೆ ಪಾಲುದಾರರ ಸ್ವಂತ ಬಂಡವಾಳ ಮತ್ತು ಕೂಡಿಟ್ಟ ನಿಧಿ. 'ಟ್ರೇಡ್ ರಿಸೀವಬಲ್ಸ್' ಎಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ. 'ಕ್ಯಾಶ್ ಫ್ಲೋ' ಎಂದರೆ ನಗದು ಹಣದ ಒಳಹರಿವು, ಹೊರಹರಿವು. ಹೈಸ್ಕೂಲಿನಲ್ಲಿ ಓದುವ ಮಗಳನ್ನೋ ಮೊಮ್ಮಗನನ್ನೋ ಜತೆಗೆ ಕುಳ್ಳಿರಿಸಿಕೊಂಡು ಒಂದು ಸಂಜೆ ಹುಡುಕಿದರೆ ಇವೆಲ್ಲ ಸಿಕ್ಕುತ್ತವೆ. ಒಂದೇ ವರ್ಷದ ವರದಿ ಸಾಲದು, ಕನಿಷ್ಠ ಐದು ವರ್ಷಗಳದ್ದು ಬೇಕು. ಅಂಕಿಗಳನ್ನು ಒಂದು ಪುಸ್ತಕದಲ್ಲಿ ಸಾಲಾಗಿ ಬರೆದುಕೊಳ್ಳಬೇಕು.

ಕಸುಬು ಏನು?

ಮೊದಲನೆಯ ಪ್ರಶ್ನೆ: ಈ ಕಂಪೆನಿ ಏನು ಮಾಡಿ ಹಣ ಗಳಿಸುತ್ತದೆ? ಇದನ್ನು ಮನೆಯವರಿಗೆ ನಾಲ್ಕು ಮಾತಿನಲ್ಲಿ ಹೇಳಲಾಗದಿದ್ದರೆ ಅಂಥ ಷೇರನ್ನು ಬಿಟ್ಟುಬಿಡುವುದು ಲೇಸು. ಕೃಷಿಕನಿಗೆ ತಿಳಿಯದ ಕಸುಬು ಎಷ್ಟೋ ಇವೆ. ತಿಳಿದ ಕಸುಬೂ ಸಾಕಷ್ಟಿವೆ. ಪಂಪು, ಪೈಪು, ಗೊಬ್ಬರ, ಕೀಟನಾಶಕ, ಟ್ರಾಕ್ಟರು, ಟಯರು, ಸಿಮೆಂಟು, ಸಾಬೂನು ಇವನ್ನೆಲ್ಲ ಮಾಡುವ ಕಂಪೆನಿಗಳು ಷೇರುಪೇಟೆಯಲ್ಲಿವೆ. ಯಾವ ಪಂಪು ಹತ್ತು ವರ್ಷ ಬಾಳುತ್ತದೆ, ಯಾವ ಪೈಪು ಎರಡನೆಯ ಬೇಸಗೆಗೇ ಒಡೆಯುತ್ತದೆ ಎಂಬುದು ಮುಂಬಯಿಯ ದಲ್ಲಾಳಿಗಿಂತ ನಮಗೆ ಚೆನ್ನಾಗಿ ಗೊತ್ತು.

ಆದರೆ ಸರಕು ಒಳ್ಳೆಯದೆಂದ ಮಾತ್ರಕ್ಕೆ ಷೇರು ಒಳ್ಳೆಯದೆಂದು ಹೇಳಲಾಗದು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು 2005ರಲ್ಲಿ ಹಾರಾಟ ಪ್ರಾರಂಭಿಸಿದ ಕಿಂಗ್‌ಫಿಷರ್ ವಿಮಾನ ಕಂಪೆನಿಯ ಸೇವೆಯನ್ನು ಪ್ರಯಾಣಿಕರು ಮೆಚ್ಚುತ್ತಿದ್ದರು, ಹೆಸರು ಮನೆಮಾತಾಗಿತ್ತು. ಆದರೆ ಅದು ಯಾವೊಂದು ವರ್ಷವೂ ಲಾಭ ಗಳಿಸಲಿಲ್ಲ. ಬ್ಯಾಂಕುಗಳ ಸಾವಿರಾರು ಕೋಟಿ ರೂಪಾಯಿ ಸಾಲವನ್ನು ಹೊತ್ತು 2012ರ ಅಕ್ಟೋಬರದಲ್ಲಿ ಹಾರಾಟ ನಿಲ್ಲಿಸಿತು. ಹೆಸರನ್ನು ನಂಬಿ ಷೇರು ಕೊಂಡವರ ಹಣ ಹೋಯಿತು. ವರ್ಷ ವರ್ಷವೂ ನಷ್ಟವೆಂಬುದು ಅದರ ವರದಿಗಳಲ್ಲಿ ಬಚ್ಚಿಟ್ಟ ಸಂಗತಿಯಾಗಿರಲಿಲ್ಲ, ಓದಿದವರಿಗೆಲ್ಲ ಕಾಣುತ್ತಿತ್ತು.

ಲಾಭ, ಸಾಲ ಮತ್ತು ಕೈಗೆ ಬಂದ ಹಣ

ಒಂದು ವರ್ಷ ಮರ ತುಂಬ ಅಡಿಕೆ ಬಿಟ್ಟಿತೆಂದು ತೋಟಕ್ಕೆ ಬೆಲೆ ಕಟ್ಟುವುದಿಲ್ಲವಷ್ಟೆ? ಹಾಗೆಯೇ ಒಂದು ವರ್ಷದ ಲಾಭದಿಂದ ಕಂಪೆನಿಯನ್ನು ಅಳೆಯಬಾರದು. ಐದು ವರ್ಷಗಳಲ್ಲಿ ಮಾರಾಟ ಹೆಚ್ಚುತ್ತಾ ಬಂದಿದೆಯೆ, ಅದರೊಂದಿಗೆ ಲಾಭವೂ ಹೆಚ್ಚಿದೆಯೆ ಎಂದು ನೋಡಬೇಕು. ಜಾಗ ಮಾರಿ ಬಂದ ಹಣದಿಂದಲೋ ಇಂಥ ಇನ್ನಾವುದೋ ಒಂದು ಸಲದ ಗಳಿಕೆಯಿಂದಲೋ ಲಾಭ ಉಬ್ಬಿದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕಬೇಕು.

ಸಾಲ ಮಾಡದೆ ವ್ಯಾಪಾರವಿಲ್ಲ, ನಿಜ. ಆದರೆ ಸಾಲ ಎಷ್ಟು, ಅದರ ಬಡ್ಡಿ ಕಟ್ಟಲು ಗಳಿಕೆ ಸಾಕೆ, ಮಳೆ ತಪ್ಪಿದ ವರ್ಷವೂ ಕಟ್ಟಬಲ್ಲದೆ ಎಂಬುದು ಮುಖ್ಯ. ಬ್ಯಾಂಕುಗಳ ವಿಷಯ ಮಾತ್ರ ಬೇರೆ. ಜನರ ಠೇವಣಿಯೇ ಬ್ಯಾಂಕಿನ ಜವಾಬ್ದಾರಿಯಾದುದರಿಂದ ಅಲ್ಲಿ ಸಾಲದ ಮೊತ್ತ ನೋಡಿ ಫಲವಿಲ್ಲ. ಕೊಟ್ಟ ಸಾಲದಲ್ಲಿ ವಸೂಲಾಗದೆ ನಿಂತದ್ದು ನೂರಕ್ಕೆ ಎಷ್ಟು ಎಂಬುದನ್ನು ನೋಡಬೇಕು. ಇದನ್ನು ಅವರು 'ಎನ್‌ಪಿಎ' ಎಂದು ತೋರಿಸುತ್ತಾರೆ.

ಇನ್ನು ನಗದಿನ ವಿಚಾರ. ಅಡಿಕೆಯನ್ನು ಉದ್ರಿ ಕೊಟ್ಟವನ ಪುಸ್ತಕದಲ್ಲಿ ಮಾರಾಟ ಬರೆದಿರುತ್ತದೆ, ಲಾಭವೂ ಬರೆದಿರುತ್ತದೆ. ವ್ಯಾಪಾರಿ ಹಣ ಕೊಡುವವರೆಗೆ ಮನೆಯಲ್ಲಿ ಅಕ್ಕಿ ತರಲು ಕಾಸಿರುವುದಿಲ್ಲ. ಕಂಪೆನಿಗಳೂ ಹಾಗೆಯೇ. ಕಾಗದದ ಮೇಲೆ ಲಾಭ ತೋರಿಸಿ ಕೈಯಲ್ಲಿ ಹಣವಿಲ್ಲದ ಕಂಪೆನಿಗಳು ಉಂಟು. ವರದಿಯಲ್ಲಿ 'ಕ್ಯಾಶ್ ಫ್ಲೋ ಫ್ರಮ್ ಆಪರೇಟಿಂಗ್ ಆಕ್ಟಿವಿಟೀಸ್' ಎಂಬ ಸಾಲಿನಲ್ಲಿ ಕಸುಬಿನಿಂದ ನಿಜವಾಗಿ ಕೈಸೇರಿದ ನಗದು ಇರುತ್ತದೆ. ಐದು ವರ್ಷಗಳ ಒಟ್ಟು ಲಾಭವನ್ನೂ ಐದು ವರ್ಷಗಳ ಈ ನಗದನ್ನೂ ಕೂಡಿಸಿ ಪಕ್ಕಪಕ್ಕ ಬರೆಯಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಲಾಭ ದೊಡ್ಡದು, ನಗದು ಸಣ್ಣದು, ಬರಬೇಕಾದ ಬಾಕಿ ವರ್ಷವರ್ಷಕ್ಕೆ ಬೆಳೆಯುತ್ತಿದೆ ಎಂದಾದರೆ ಎಚ್ಚರಿಕೆ ವಹಿಸಬೇಕು.

ಒಂದು ಲೆಕ್ಕ

ಇದನ್ನೆಲ್ಲ ಒಂದು ಲೆಕ್ಕದಿಂದ ಸ್ಪಷ್ಟಪಡಿಸೋಣ. ಪೈಪು ತಯಾರಿಸುವ 'ಕ' ಮತ್ತು 'ಖ' ಎಂಬ ಎರಡು ಕಂಪೆನಿಗಳಿವೆಯೆಂದು ಇಟ್ಟುಕೊಳ್ಳೋಣ. ಎರಡಕ್ಕೂ ತಲಾ 1 ಕೋಟಿ ಷೇರುಗಳು. ಎರಡರ ಲಾಭವೂ ವರ್ಷಕ್ಕೆ 20 ಕೋಟಿ ರೂಪಾಯಿ. ಅಂದರೆ ಒಂದು ಷೇರಿನ ಪಾಲಿಗೆ ಬರುವ ಲಾಭ ಎರಡರಲ್ಲೂ 20 ರೂಪಾಯಿ. ಪೇಟೆಯಲ್ಲಿ 'ಕ'ದ ಬೆಲೆ 300 ರೂಪಾಯಿ, 'ಖ'ದ ಬೆಲೆ 160 ರೂಪಾಯಿ. ನೋಡಿದವರು 'ಖ' ಅಗ್ಗವೆನ್ನುವರು. ಅವಸರಪಡದೆ ತಖ್ತೆಯನ್ನು ಬಿಡಿಸಿ ನೋಡೋಣ.

'ಕ'ದಲ್ಲಿ ಪಾಲುದಾರರ ಸ್ವಂತ ಬಂಡವಾಳ ಮತ್ತು ನಿಧಿ 100 ಕೋಟಿ, ಸಾಲ 20 ಕೋಟಿ. ಬಡ್ಡಿ ಮತ್ತು ತೆರಿಗೆಗೆ ಮೊದಲು ಗಳಿಕೆ 28 ಕೋಟಿ. ಅದರಲ್ಲಿ ಬಡ್ಡಿ 2 ಕೋಟಿ, ತೆರಿಗೆ 6 ಕೋಟಿ, ಉಳಿದ ಲಾಭ 20 ಕೋಟಿ. ಕಸುಬಿನಿಂದ ಕೈಸೇರಿದ ನಗದು 18 ಕೋಟಿ.

'ಖ'ದಲ್ಲಿ ಸ್ವಂತ ಬಂಡವಾಳ ಮತ್ತು ನಿಧಿ 80 ಕೋಟಿ, ಸಾಲ 240 ಕೋಟಿ. ಬಡ್ಡಿ ಮತ್ತು ತೆರಿಗೆಗೆ ಮೊದಲು ಗಳಿಕೆ 50 ಕೋಟಿ. ಬಡ್ಡಿಗೇ 24 ಕೋಟಿ ಹೋಗುತ್ತದೆ, ತೆರಿಗೆಗೆ 6 ಕೋಟಿ, ಉಳಿದದ್ದು 20 ಕೋಟಿ. ಕೈಸೇರಿದ ನಗದು ಸೊನ್ನೆಗಿಂತ ಕೆಳಗೆ, ಅಂದರೆ 5 ಕೋಟಿ ಕೊರತೆ. ಏಕೆಂದರೆ ಮಾರಾಟದ ಬಹುಪಾಲು ಉದ್ರಿಯಲ್ಲಿ ನಿಂತಿದೆ.

ಸ್ವಂತ ಬಂಡವಾಳದ ಮೇಲೆ ಲಾಭ ನೂರಕ್ಕೆ ಎಷ್ಟು ಎಂದು ನೋಡಿದರೆ 'ಕ'ಕ್ಕೆ 20, 'ಖ'ಕ್ಕೆ 25. ಇಲ್ಲಿಯೂ 'ಖ'ವೇ ಮೇಲೆ ಕಾಣುತ್ತದೆ. ಈ ಒಂದೇ ಅಂಕಿಯನ್ನು ನೋಡಿ ಮೋಸಹೋಗುವವರು ಬಹಳ. 'ಖ'ದ ಲಾಭ ಅದರ ಸ್ವಂತ ಹಣದಿಂದ ಬಂದುದಲ್ಲ, ಎರವಲು ಹಣದಿಂದ ಬಂದುದು.

ಈಗ ಒಂದು ಕೆಟ್ಟ ವರ್ಷ ಬಂದು ಎರಡರ ಗಳಿಕೆಯೂ ಅರ್ಧಕ್ಕಿಳಿಯಿತೆನ್ನೋಣ. 'ಕ'ದ ಗಳಿಕೆ 14 ಕೋಟಿ. 2 ಕೋಟಿ ಬಡ್ಡಿ ಕಟ್ಟಿ ತೆರಿಗೆಗೆ ಮೊದಲು 12 ಕೋಟಿ ಉಳಿಯುತ್ತದೆ. 'ಖ'ದ ಗಳಿಕೆ 25 ಕೋಟಿ. 24 ಕೋಟಿ ಬಡ್ಡಿ ಕಟ್ಟಿದರೆ ಉಳಿಯುವುದು 1 ಕೋಟಿ. ಕೈಯಲ್ಲಿ ನಗದು ಮೊದಲೇ ಇಲ್ಲ. ಇನ್ನೊಂದು ಕೆಟ್ಟ ವರ್ಷ ಬಂದರೆ ಬಡ್ಡಿ ಕಟ್ಟಲು ಮತ್ತೆ ಸಾಲ. 160 ರೂಪಾಯಿಗೆ ಅಗ್ಗವೆಂದು ಕಂಡ ಷೇರಿನ ನಿಜಸ್ಥಿತಿ ಇದು. ಲಾಭ ಒಂದೇ ಆದರೂ ಎರಡು ಕಂಪೆನಿಗಳ ಬಲ ಒಂದೇ ಅಲ್ಲ.

ಯಜಮಾನರು ಎಂಥವರು?

ಅಂಕಿಗಳು ನಿಜವಾಗಿದ್ದರೆ ಮೇಲಿನ ಲೆಕ್ಕ ಸರಿ. ಅಂಕಿಗಳನ್ನು ಬರೆಯುವವರೇ ಸುಳ್ಳು ಬರೆದರೆ? ಇದಕ್ಕೆ ನಮ್ಮ ದೇಶದ ಅತ್ಯಂತ ದೊಡ್ಡ ಉದಾಹರಣೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಕಂಪೆನಿ. 1987ರಲ್ಲಿ ಪ್ರಾರಂಭವಾದ ಈ ಕಂಪೆನಿ ದೇಶದ ಮುಂಚೂಣಿಯ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಒಂದಾಗಿತ್ತು. 2008ರಲ್ಲಿ ಅದಕ್ಕೆ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೂ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರು ಪತ್ರವೊಂದನ್ನು ಬರೆದು, ಕಂಪೆನಿಯ ಲೆಕ್ಕಪತ್ರಗಳಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಅಂದೇ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. 2015ರಲ್ಲಿ ನ್ಯಾಯಾಲಯ ಅವರನ್ನೂ ಇತರ ಕೆಲವರನ್ನೂ ಅಪರಾಧಿಗಳೆಂದು ತೀರ್ಪಿತ್ತಿತು.

ದೊಡ್ಡ ಲೆಕ್ಕಪರಿಶೋಧಕರಿಗೇ ತಿಳಿಯದಿದ್ದುದು ಹಳ್ಳಿಯ ಪಾಲುದಾರನಿಗೆ ತಿಳಿಯುತ್ತಿತ್ತೆ ಎಂದು ಕೇಳಬಹುದು. ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ಆದರೂ ಮುನ್ಸೂಚನೆಗಳು ಇದ್ದವು. ಕಂಪೆನಿಯನ್ನು ಕಟ್ಟಿದವರ ಸ್ವಂತ ಪಾಲು ವರ್ಷವರ್ಷಕ್ಕೆ ಕರಗುತ್ತಾ ಬಂದು ಬಹಳ ಕಡಿಮೆಯಾಗಿತ್ತು. 2008ರ ಡಿಸೆಂಬರದಲ್ಲಿ ಅವರು ಕಂಪೆನಿಯ ಹಣದಿಂದ ತಮ್ಮ ಕುಟುಂಬದವರದೇ ಆದ ಎರಡು ಕಟ್ಟಡ-ಭೂಮಿ ವ್ಯವಹಾರದ ಕಂಪೆನಿಗಳನ್ನು ಕೊಳ್ಳಹೊರಟರು. ಪಾಲುದಾರರು ಪ್ರತಿಭಟಿಸಿದ್ದರಿಂದ ಕೈಬಿಟ್ಟರು. ಸಾಫ್ಟ್‌ವೇರ್ ಕಂಪೆನಿಗೆ ಭೂಮಿಯ ವ್ಯವಹಾರವೇಕೆ ಎಂದು ಆ ದಿನವೇ ಪ್ರಶ್ನಿಸಿಕೊಂಡು ಮಾರಿ ಹೊರಬಂದವರ ಹಣ ಅಷ್ಟಾದರೂ ಉಳಿಯಿತು. ಯಜಮಾನರು ತಮ್ಮ ಪಾಲನ್ನು ಅಡವಿಟ್ಟು ಸಾಲ ಪಡೆದಿದ್ದ ಸಂಗತಿಯೂ ಕೊನೆಗೆ ಹೊರಬಂತು. ಅಂದು ಅದನ್ನು ಪಾಲುದಾರರಿಗೆ ತಿಳಿಸಬೇಕೆಂಬ ಕಡ್ಡಾಯವಿರಲಿಲ್ಲ. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2009ರಲ್ಲಿ ಅದನ್ನು ಕಡ್ಡಾಯಗೊಳಿಸಿತು.

ಇದರಿಂದ ನಾವು ಕಲಿಯಬೇಕಾದುದು ಮೂರು. ಯಜಮಾನರ ಸ್ವಂತ ಪಾಲು ನೂರಕ್ಕೆ ಎಷ್ಟಿದೆ, ಅದು ಕಡಿಮೆಯಾಗುತ್ತಿದೆಯೆ ಎಂದು ನೋಡಬೇಕು. ಆ ಪಾಲಿನಲ್ಲಿ ಅಡವಿಟ್ಟದ್ದು ಎಷ್ಟು ಎಂದು ನೋಡಬೇಕು; ಇದು 'ಪ್ಲೆಡ್ಜ್' ಎಂಬ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಕಂಪೆನಿಯ ಹಣ ಯಜಮಾನರ ಮನೆಯವರ ಬೇರೆ ವ್ಯವಹಾರಗಳಿಗೆ ಹರಿಯುತ್ತಿದೆಯೆ ಎಂಬುದನ್ನು 'ರಿಲೇಟೆಡ್ ಪಾರ್ಟಿ' ಎಂಬ ಪಟ್ಟಿಯಲ್ಲಿ ನೋಡಬೇಕು. ಲೆಕ್ಕಪರಿಶೋಧಕರು ಅವಧಿಗೆ ಮೊದಲೇ ಬಿಟ್ಟುಹೋಗಿದ್ದರೆ, ಅಥವಾ ತಮ್ಮ ವರದಿಯಲ್ಲಿ ಆಕ್ಷೇಪ ಬರೆದಿದ್ದರೆ, ಆ ಷೇರಿನ ತಂಟೆ ಬೇಡ.

ಕೊನೆಗೆ ಕ್ರಯ

ಇಷ್ಟೆಲ್ಲ ನೋಡಿ ಕಂಪೆನಿ ಒಳ್ಳೆಯದೆಂದು ಕಂಡ ಮೇಲೆ ಕ್ರಯದ ವಿಚಾರ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ.

20 ರೂಪಾಯಿಯ ಷೇರು ಅಗ್ಗ, 2,000 ರೂಪಾಯಿಯದು ತುಟ್ಟಿ ಎಂಬುದು ಒಂದು. ಒಂದು ತೋಟವನ್ನು ಹತ್ತು ಪಾಲು ಮಾಡಿದರೂ ನೂರು ಪಾಲು ಮಾಡಿದರೂ ತೋಟ ಅಷ್ಟೆ. ಒಂದು ಪಾಲಿನ ಬೆಲೆಯನ್ನು ಆ ಪಾಲಿಗೆ ಬರುವ ವರ್ಷದ ಲಾಭದೊಂದಿಗೆ ಹೋಲಿಸಿ ನೋಡಬೇಕು. ಮೇಲಿನ 'ಕ' ಕಂಪೆನಿಯಲ್ಲಿ 300 ರೂಪಾಯಿಯ ಷೇರಿಗೆ 20 ರೂಪಾಯಿ ಲಾಭ. ಅಂದರೆ ಬೆಲೆ ಲಾಭದ 15 ಪಟ್ಟು. ಇದನ್ನೇ ಪೇಟೆಯವರು 'ಪಿ.ಇ.' ಎನ್ನುತ್ತಾರೆ. ಲಾಭ ಹೀಗೆಯೇ ಇದ್ದರೆ ಹಾಕಿದ ಹಣದಷ್ಟು ಗಳಿಸಲು ಆ ಷೇರಿಗೆ 15 ವರ್ಷ ಬೇಕೆಂದು ಅರ್ಥ. ಅದೇ ಕಸುಬಿನ ಬೇರೆ ಕಂಪೆನಿಗಳ ಪಟ್ಟು ಎಷ್ಟು, ಇದೇ ಕಂಪೆನಿಯ ಹಿಂದಿನ ವರ್ಷಗಳ ಪಟ್ಟು ಎಷ್ಟು ಎಂದು ಹೋಲಿಸಿದರೆ ಬೆಲೆ ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಪಟ್ಟು ಬಹಳ ಕಡಿಮೆಯಿದ್ದರೆ ಸಂತೋಷಪಡುವ ಮೊದಲು ಅದೇಕೆಂದು ಕೇಳಬೇಕು. 'ಖ'ದ ಪಟ್ಟು ಕೇವಲ 8 ಆಗಿದ್ದುದು ಸುಮ್ಮನೆ ಅಲ್ಲ.

ಒಳ್ಳೆಯ ಕಂಪೆನಿಯ ಷೇರನ್ನು ಯಾವ ಬೆಲೆಗೂ ಕೊಳ್ಳಬಹುದೆಂಬುದು ಎರಡನೆಯ ತಪ್ಪು. ಇನ್ಫೋಸಿಸ್ ಕಂಪೆನಿಯ ಕಥೆಯನ್ನೇ ನೋಡಿ. 1981ರಲ್ಲಿ 10,000 ರೂಪಾಯಿ ಬಂಡವಾಳದಿಂದ ಪ್ರಾರಂಭವಾಗಿ ಬೆಂಗಳೂರಿನಲ್ಲಿ ಬೆಳೆದ ಈ ಕಂಪೆನಿಯ ಷೇರಿಗೆ 2000ದ ಮಾರ್ಚಿಯ ಹೊತ್ತಿಗೆ ಸಾಫ್ಟ್‌ವೇರ್ ಷೇರುಗಳ ನೂಕುನುಗ್ಗಲಿನಲ್ಲಿ ಲಾಭದ ನೂರು ಪಟ್ಟಿಗೂ ಮಿಕ್ಕಿದ ಬೆಲೆ ಬಂದಿತ್ತು. ನಂತರದ ಎರಡು ವರ್ಷಗಳಲ್ಲಿ ಕಂಪೆನಿಯ ಲಾಭ ಹೆಚ್ಚುತ್ತಲೇ ಹೋಯಿತು. ಷೇರಿನ ಬೆಲೆ ಮಾತ್ರ ನೆಲಕ್ಕಿಳಿಯಿತು. ಅಂದು ತುತ್ತತುದಿಯ ಬೆಲೆಗೆ ಕೊಂಡವರು ತಮ್ಮ ಅಸಲನ್ನು ಕಾಣಲು ವರ್ಷಗಟ್ಟಲೆ ಕಾಯಬೇಕಾಯಿತು. ಕಂಪೆನಿಯಲ್ಲಿ ದೋಷವಿರಲಿಲ್ಲ, ಕೊಟ್ಟ ಕ್ರಯ ಹೆಚ್ಚಾಗಿತ್ತು.

ಜನಜಂಗುಳಿಯ ಮಾತು

ಹತ್ತು ಜನ ಕೊಳ್ಳುತ್ತಿದ್ದಾರೆಂಬುದು ಷೇರು ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. 1993ರಲ್ಲಿ ಇದೇ ಇನ್ಫೋಸಿಸ್ ಷೇರೊಂದಕ್ಕೆ 95 ರೂಪಾಯಿಯಂತೆ ಜನರಿಗೆ ಮಾರಹೊರಟಾಗ ಪೂರ್ತಿ ಅರ್ಜಿಗಳೇ ಬರಲಿಲ್ಲ. 2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಕಂಪೆನಿ ಸಣ್ಣ ಹೂಡಿಕೆದಾರರಿಗೆ 430 ರೂಪಾಯಿಯಂತೆ ಷೇರು ನೀಡಿದಾಗ ಬೇಕಾದುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಅರ್ಜಿಗಳು ಬಂದವು. ಅದರ ವಿದ್ಯುತ್ ಸ್ಥಾವರಗಳನ್ನು ಇನ್ನು ಮುಂದೆ ಕಟ್ಟಬೇಕಾಗಿತ್ತು. ಫೆಬ್ರವರಿ 11ರಂದು ಪೇಟೆಗೆ ಬಂದ ಮೊದಲ ದಿನವೇ ಅದು ಕೊಂಡ ಬೆಲೆಗಿಂತ ಕೆಳಗಿಳಿಯಿತು. ಒಂದರಿಂದ ಜನ ದೂರ ಸರಿದರು, ಇನ್ನೊಂದಕ್ಕೆ ಮುಗಿಬಿದ್ದರು. ಎರಡು ಸಲವೂ ಗುಂಪಿನ ಅಳತೆ ತಪ್ಪಿತು.

ಈಗ ಹಳ್ಳಿಗಳಲ್ಲಿಯೂ 'ಆಪ್ಷನ್' ಎಂಬ ವ್ಯಾಪಾರದ ಮಾತು ಕೇಳಿಬರುತ್ತಿದೆ. ಷೇರನ್ನು ಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಹಣ ಕಟ್ಟುವ ವ್ಯವಹಾರವಿದು. ಸೆಬಿ 2024ರ ಸೆಪ್ಟೆಂಬರದಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022ರ ಮಾರ್ಚಿಗೆ ಕೊನೆಗೊಂಡ ವರ್ಷದಿಂದ ಮೂರು ವರ್ಷಗಳಲ್ಲಿ ಇಂಥ ವ್ಯಾಪಾರಕ್ಕಿಳಿದ 1 ಕೋಟಿಗೂ ಮಿಕ್ಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಕಳಕೊಂಡ ಒಟ್ಟು ಹಣ 1.8 ಲಕ್ಷ ಕೋಟಿ ರೂಪಾಯಿ. ಕಂಪೆನಿಯ ವರದಿ ಓದುವ ಪರಿಶ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ. ಕೃಷಿಕನು ಇದರ ಹತ್ತಿರ ಸುಳಿಯಬಾರದು.

'ಇಷ್ಟು ಲಾಭ ಖಂಡಿತ' ಎಂದು ಮಾತು ಕೊಡುವವನನ್ನು ನಂಬಬೇಡಿ. ಷೇರಿನಲ್ಲಿ ಹಾಗೆ ಮಾತು ಕೊಡಲು ಯಾರಿಗೂ ಅಧಿಕಾರವಿಲ್ಲ. ಸಲಹೆಗಾರನಾಗಲಿ ದಲ್ಲಾಳಿಯಾಗಲಿ ಸೆಬಿಯಲ್ಲಿ ನೋಂದಣಿಯಾಗಿದ್ದಾನೆಯೆ ಎಂಬುದನ್ನು ಸೆಬಿಯ ಜಾಲತಾಣದಲ್ಲಿ ನೋಡಬಹುದು. ಮಲೆಯಾಳದಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಓದಿ ಅರ್ಥವಾಗದ ಕಾಗದಕ್ಕೆ ರುಜು ಹಾಕಕೂಡದು. ಖಾತೆಯ ಗುಪ್ತಪದವನ್ನೂ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಯಾರಿಗೂ ಹೇಳಕೂಡದು.

ಕೊಂಡ ಮೇಲೆ

ತೋಟ ಕೊಂಡು ಬೇಲಿ ಹಾಕಿ ಮರೆತವನಿಗೆ ಫಸಲಿಲ್ಲ. ಕೊಂಡ ಕಂಪೆನಿಯ ಮೂರು ತಿಂಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು. ದಿನದ ಬೆಲೆಯನ್ನು ನೋಡಿ ಹೆದರುವ ಅಗತ್ಯವಿಲ್ಲ. ಸಾಲ ಹೆಚ್ಚುತ್ತಿದೆ, ನಗದು ಬತ್ತುತ್ತಿದೆ, ಯಜಮಾನರು ತಮ್ಮ ಪಾಲು ಮಾರುತ್ತಿದ್ದಾರೆ ಎಂದು ಕಂಡರೆ ಹೆದರಬೇಕು. ಯಾವ ಕಾರಣಕ್ಕಾಗಿ ಕೊಂಡೆವೋ ಆ ಕಾರಣ ಇಲ್ಲವಾದರೆ, ನಷ್ಟವಾದರೂ ಮಾರಿಬಿಡುವುದು ವಿಹಿತ. ಇರುವ ಹಣವನ್ನೆಲ್ಲ ಒಂದೇ ಷೇರಿಗೆ ಹಾಕಬಾರದು. ಅಡಿಕೆಯ ನಡುವೆ ಕರಿಮೆಣಸು, ಬಾಳೆ, ಕೊಕ್ಕೊ ಬೆಳೆಸುವ ನಮಗೆ ಇದರ ಕಾರಣ ಹೇಳಬೇಕಾಗಿಲ್ಲ.

ಇಷ್ಟು ಓದಲು, ಲೆಕ್ಕ ಹಾಕಲು ಬಿಡುವಿಲ್ಲದವರು ಬಿಡಿ ಷೇರುಗಳನ್ನು ಆರಿಸುವ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಪೇಟೆಯ 30 ಅಥವಾ 50 ದೊಡ್ಡ ಕಂಪೆನಿಗಳಲ್ಲಿ ಸ್ವಲ್ಪ ಸ್ವಲ್ಪ ಪಾಲನ್ನು ಒಟ್ಟಿಗೆ ಕೊಡುವ 'ಇಂಡೆಕ್ಸ್ ಫಂಡ್' ಎಂಬ ವ್ಯವಸ್ಥೆ ಅಂಥವರಿಗಾಗಿ ಇದೆ. ಅದರಲ್ಲಿಯೂ ಏರಿಳಿತವುಂಟು, ಆದರೆ ಒಂದು ಕಂಪೆನಿ ಮುಳುಗಿದರೆ ಎಲ್ಲವೂ ಮುಳುಗುವ ಭಯವಿಲ್ಲ.

ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕಾದ ಪ್ರಶ್ನೆಗಳು

1. ಈ ಕಂಪೆನಿಯ ಕಸುಬು ನನಗೆ ತಿಳಿದಿದೆಯೆ?
2. ಐದು ವರ್ಷಗಳಲ್ಲಿ ಮಾರಾಟವೂ ಲಾಭವೂ ಏರಿವೆಯೆ?
3. ಸ್ವಂತ ಬಂಡವಾಳದ ಮುಂದೆ ಸಾಲ ಎಷ್ಟು? ಗಳಿಕೆ ಅರ್ಧವಾದರೂ ಬಡ್ಡಿ ಕಟ್ಟಬಲ್ಲದೆ?
4. ಬರೆದ ಲಾಭ ನಗದಾಗಿ ಕೈಸೇರಿದೆಯೆ?
5. ಯಜಮಾನರ ಪಾಲು ಎಷ್ಟು? ಅದರಲ್ಲಿ ಅಡವಿಟ್ಟದ್ದು ಎಷ್ಟು? ಲೆಕ್ಕಪರಿಶೋಧಕರ ಆಕ್ಷೇಪವಿದೆಯೆ?
6. ಬೆಲೆ ಲಾಭದ ಎಷ್ಟು ಪಟ್ಟು? ಅದೇ ಕಸುಬಿನ ಇತರರದ್ದು ಎಷ್ಟು?
7. ಈ ಹಣ ಐದು ವರ್ಷ ನನಗೆ ಬೇಡವೆ?

ಏಳಕ್ಕೂ ಉತ್ತರ ಬರೆಯಲು ಸಾಧ್ಯವಾಗುವವರೆಗೆ ಹಣ ಸೊಸೈಟಿಯ ಠೇವಣಿಯಲ್ಲಿಯೇ ಇರಲಿ. ಷೇರುಪೇಟೆ ನಾಳೆಯೂ ತೆರೆದಿರುತ್ತದೆ.